ಪ್ಯಾಲೆಸ್ಟೈನಿನ ಒಕ್ಕೂಟ ಯೋಜನೆ: 1947ರ ಅಲ್ಪಮತದ ವರದಿ

ಪ್ಯಾಲೆಸ್ಟೈನಿನ ವಿಭಜನೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಶ್ವಸಂಸ್ಥೆಯ ನಿರ್ಣಯದಿಂದ ತೊಡಗಿ ನೇರವಾಗಿ ಯುದ್ಧಕ್ಕೆ ಸಾಗುತ್ತಾರೆ. ಅದೇ ವರ್ಷ ಭಾರತವೂ ಸಹಿಮಾಡಿದ ಇನ್ನೊಂದು ಯೋಜನೆ ಇದ್ದಿತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅದು ಸೋತುದೇಕೆ ಎಂಬ ಪ್ರಶ್ನೆ ಇಂದಿನ ಶಾಂತಿಚರ್ಚೆಗೂ ಸಂಬಂಧಪಟ್ಟುದು.

1917ರ ಬಾಲ್ಫರ್ ಘೋಷಣೆಯಲ್ಲಿ ಬ್ರಿಟನ್ ಯೆಹೂದ್ಯರಿಗೆ ಪ್ಯಾಲೆಸ್ಟೈನಿನಲ್ಲಿ ‘ರಾಷ್ಟ್ರೀಯ ನೆಲೆ’ಯ ವಚನವನ್ನಿತ್ತಿತು, ಅಲ್ಲಿನ ಇತರ ನಿವಾಸಿಗಳ ನಾಗರಿಕ ಹಾಗೂ ಧಾರ್ಮಿಕ ಹಕ್ಕುಗಳಿಗೆ ಬಾಧೆ ಬರಕೂಡದೆಂದೂ ನುಡಿಯಿತು. ಈ ಎರಡು ಮಾತುಗಳನ್ನು ಹೊಂದಿಸಲಾರದೆ 1947ರಲ್ಲಿ ಸಮಸ್ಯೆಯನ್ನು ವಿಶ್ವಸಂಸ್ಥೆಗೆ ಒಪ್ಪಿಸಿತು. ಮೇ ತಿಂಗಳಲ್ಲಿ ಹನ್ನೊಂದು ರಾಷ್ಟ್ರಗಳ ವಿಶೇಷ ಸಮಿತಿ ರಚಿತವಾಯಿತು. ಭಾರತದ ಸದಸ್ಯರು ನ್ಯಾಯಮೂರ್ತಿ ಸರ್ ಅಬ್ದುರ್ ರಹಮಾನ್. ಆಗ ಅಲ್ಲಿ ಅರಬರು ಸುಮಾರು 12 ಲಕ್ಷ, ಯೆಹೂದ್ಯರು ಸುಮಾರು 6 ಲಕ್ಷ. ಅರಬರ ಉನ್ನತ ಸಮಿತಿ ವಿಚಾರಣೆಯನ್ನು ಬಹಿಷ್ಕರಿಸಿತು. ಯೆಹೂದ್ಯ ಏಜೆನ್ಸಿ ತನ್ನ ವಾದವನ್ನು ವಿಸ್ತಾರವಾಗಿ ಮಂಡಿಸಿತು. ಹೀಬ್ರೂ ವಿಶ್ವವಿದ್ಯಾನಿಲಯದ ಅಧ್ಯಕ್ಷ ಜುಡಾ ಮ್ಯಾಗ್ನೆಸ್ ಅವರಾದರೋ, ಎರಡೂ ಜನಾಂಗಗಳಿಗೆ ಸಮಾನಾಧಿಕಾರವಿರುವ ಒಂದೇ ರಾಜ್ಯವಾಗಲೆಂದು ಸಾಕ್ಷ್ಯ ನುಡಿದರು.

ಆಗಸ್ಟ್ 31ರಂದು ವರದಿ ಸಿದ್ಧವಾಯಿತು. ಏಳು ಸದಸ್ಯರು ವಿಭಜನೆಯನ್ನು ಸೂಚಿಸಿದರು. ಭಾರತ, ಇರಾನ್, ಯುಗೊಸ್ಲಾವಿಯಗಳು ಒಕ್ಕೂಟವನ್ನು ಸೂಚಿಸಿದವು. ಆಸ್ಟ್ರೇಲಿಯ ತಟಸ್ಥವಾಗಿ ಉಳಿಯಿತು. ತನ್ನ ನೆಲವೇ ಇಬ್ಭಾಗವಾದ ಎರಡು ವಾರಗಳಲ್ಲಿ ಭಾರತದ ಹೆಸರು ಅಖಂಡತೆಯ ಪಕ್ಷದಲ್ಲಿ ದಾಖಲಾದುದು ಗಮನಾರ್ಹ.

ಅಲ್ಪಮತದ ಯೋಜನೆಯಂತೆ ಅರಬ್ ಮತ್ತು ಯೆಹೂದ್ಯ ರಾಜ್ಯಗಳು ಒಂದು ಒಕ್ಕೂಟದ ಅಂಗಗಳು, ರಾಜಧಾನಿ ಜೆರೂಸಲೇಮ್. ಶಾಸನಸಭೆಯ ಒಂದು ಸದನದಲ್ಲಿ ಜನಸಂಖ್ಯಾನುಸಾರ ಪ್ರಾತಿನಿಧ್ಯ, ಇನ್ನೊಂದರಲ್ಲಿ ಇಬ್ಬರಿಗೂ ಸಮಪ್ರಾತಿನಿಧ್ಯ. ರಕ್ಷಣೆ, ವಿದೇಶವ್ಯವಹಾರ, ನಾಣ್ಯ, ವಲಸೆಗಳು ಒಕ್ಕೂಟದ ಅಧೀನ. ಸಂಖ್ಯಾಬಲದಿಂದ ಒಬ್ಬರು ಇನ್ನೊಬ್ಬರನ್ನು ತುಳಿಯದಂತೆ ಮಾಡುವುದೇ ಇದರ ಆಶಯ.

ವ್ಯವಸ್ಥೆ ಎಷ್ಟೇ ನಯವಾಗಿದ್ದರೂ ಅದು ಮುರಿದುದು ವಲಸೆಯ ಪ್ರಶ್ನೆಯಲ್ಲಿ. ಯುರೋಪಿನಲ್ಲಿ 60 ಲಕ್ಷ ಯೆಹೂದ್ಯರ ಹತ್ಯೆಯಾಗಿದ್ದಿತು. ಬದುಕಿದವರು ಶಿಬಿರಗಳಲ್ಲಿ ಕಾದಿದ್ದರು. ಅವರ ಪಾಲಿನ ಬಾಗಿಲಿನ ಕೀಲಿಕೈ ಅನ್ಯರಲ್ಲಿರುವುದನ್ನು ಯೆಹೂದ್ಯ ನಾಯಕರು ಒಪ್ಪುವಂತಿರಲಿಲ್ಲ. ಇತ್ತ ತಾವು ಮಾಡದ ಪಾಪಕ್ಕೆ ತಮ್ಮ ನೆಲವನ್ನು ತೆರುವುದೇಕೆಂಬುದು ಅರಬರ ವಾದ. ಮೂವರಲ್ಲಿ ಇಬ್ಬರಾಗಿದ್ದ ಅವರಿಗೆ ಸಮಪ್ರಾತಿನಿಧ್ಯವೇ ನಷ್ಟವಾಗಿ ತೋರಿತು. ಹೀಗೆ ಯೋಜನೆಗೆ ಇಬ್ಬರಲ್ಲಿಯೂ ಆಶ್ರಯ ದೊರೆಯಲಿಲ್ಲ.

ನವೆಂಬರ್ 29ರಂದು ಸಾಮಾನ್ಯ ಸಭೆಯಲ್ಲಿ ಲೆಬನಾನಿನ ಕಮೀಲ್ ಶಮೂನರು ಒಕ್ಕೂಟದ ಸಲಹೆಯನ್ನು ಮುಂದಿಟ್ಟರು. ಹೊತ್ತು ಮೀರಿದ್ದಿತು; ಮತಕ್ಕೆ ಬಂದುದು ವಿಭಜನೆಯ ನಿರ್ಣಯ. ಪರ 33, ವಿರುದ್ಧ 13, ತಟಸ್ಥ 10. ಭಾರತ ವಿರುದ್ಧ ಮತವಿತ್ತಿತು. ಒಡನೆಯೇ ಭುಗಿಲೆದ್ದ ಹೋರಾಟದಲ್ಲಿಯೂ 1948ರ ಯುದ್ಧದಲ್ಲಿಯೂ 7 ಲಕ್ಷಕ್ಕೂ ಮಿಕ್ಕ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು.

1993ರ ಆಸ್ಲೋ ಒಪ್ಪಂದದಲ್ಲಿ ಇಸ್ರೇಲ್ ಹಾಗೂ ಪ್ಯಾಲೆಸ್ಟೈನ್ ವಿಮೋಚನಾ ಸಂಸ್ಥೆಗಳು ಪರಸ್ಪರ ಮನ್ನಣೆಯಿತ್ತುವು. ಆದರೆ ಗಡಿ, ನಿರಾಶ್ರಿತರು, ವಸಾಹತುಗಳು, ಜೆರೂಸಲೇಮ್, ಈ ನಾಲ್ಕೂ ಮುಂದಿನ ಮಾತುಕತೆಗೆ ಉಳಿದುವು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯೂ ಅನಂತರದ ಗಾಜಾ ಯುದ್ಧವೂ ಆ ಮುಂದೂಡಿಕೆಯ ಬೆಲೆಯನ್ನು ಜಗತ್ತಿಗೆ ತೋರಿದುವು.

1947ರ ಒಕ್ಕೂಟವನ್ನು ಅದೇ ರೂಪದಲ್ಲಿ ಮತ್ತೆ ಕಟ್ಟುವುದು ಸಾಧ್ಯವೆಂದಲ್ಲ. ಒಂದು ಜನಾಂಗದ ರಕ್ಷಣೆ ಮತ್ತೊಂದರ ಕೃಪೆಗೆ ಬೀಳಬಾರದೆಂಬ ಅದರ ಆಶಯವನ್ನು ಎರಡು ರಾಜ್ಯಗಳನ್ನು ಬಯಸುವವರೂ ಒಂದೇ ರಾಜ್ಯವನ್ನು ಬಯಸುವವರೂ ಈಡೇರಿಸಲೇಬೇಕು. ಆ ಕಾರ್ಯಕ್ಕೆ ಬೇಕಾದ ಸಮ್ಮತಿಯಾದರೋ ಹೊರಗಿನವರ ವರದಿಯಿಂದ ಹುಟ್ಟತಕ್ಕುದಲ್ಲ. ಅದು ಆ ನೆಲದಲ್ಲಿ ಬಾಳುವ ಇಬ್ಬರಿಂದಲೇ ಬರಬೇಕು.