ಸಿ ಭಾಷೆಯಲ್ಲಿ ಭಾವಿನೀಸಂಜ್ಞೆ

ನೂಲನ್ನು ಕೊಟ್ಟು ಸೀರೆಯನ್ನು ನೆಯ್ಯೆಂದರೆ ನೇಕಾರನು ಏನೆಂದು ತಿಳಿಯಬೇಕು? ಸೀರೆಯಾದರೆ ನೆಯ್ಯಬೇಕಾದುದಿಲ್ಲ; ನೆಯ್ಯಬೇಕಾದುದು ಸೀರೆಯಲ್ಲ. ಸಂಪ್ರಸಾರಣಸಂಜ್ಞೆಯ ವಿಚಾರದಲ್ಲಿ ಪತಂಜಲಿಯು ಈ ದೃಷ್ಟಾಂತವನ್ನೆತ್ತಿ, ನೆಯ್ದಾದ ಮೇಲೆ ಯಾವುದಕ್ಕೆ ಸೀರೆಯೆಂಬ ಹೆಸರು ಬರುವುದೋ ಅದೇ ಇಲ್ಲಿ ಉದ್ದಿಷ್ಟವೆಂದು ಸಮಾಧಾನ ಹೇಳಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಇದೇ ಭಾವಿನೀಸಂಜ್ಞೆ.

ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ಗಣಕಯಂತ್ರಕ್ಕಾಗಿ ಸಿ ಭಾಷೆಯನ್ನು ರಚಿಸಿದಾಗಲೂ ಈ ಶಂಕೆಯೇ ತಲೆದೋರಿತು. ಅದರ ಮಾತೃಕೆಯಾದ ಬಿ ಭಾಷೆಯಲ್ಲಿ ಟೈಪ್, ಎಂದರೆ ಪದಾರ್ಥಜಾತಿ, ಎಂಬುದೇ ಇರಲಿಲ್ಲ. ೧೯೭೧ರಿಂದ ಜಾತಿಗಳು ಸೇರುತ್ತ ಬಂದು, ಹಲವು ಅಂಗಗಳನ್ನು ಒಂದಾಗಿ ಕಟ್ಟುವ ‘ಸ್ಟ್ರಕ್ಟ್’ ಕೂಡ ಬಂದಿತು. ೧೯೭೩ರ ಬೇಸಗೆಯಲ್ಲಿ ಯೂನಿಕ್ಸಿನ ತಿರುಳನ್ನು ಈ ಭಾಷೆಯಲ್ಲಿಯೇ ತಿರುಗಿ ಬರೆದರು.

ಕಂಪೈಲರು ಪಾಠವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮುಂದಿನ ಪುಟವನ್ನು ಇಣಿಕಿ ನೋಡುವುದಿಲ್ಲ. ಹೀಗಿರಲು ‘ಗುರು’ವೆಂಬ ರಚನೆಯಲ್ಲಿ ‘ಶಿಷ್ಯ’ನೂ, ‘ಶಿಷ್ಯ’ನಲ್ಲಿ ‘ಗುರು’ವೂ ಬರಬೇಕಾದರೆ ಯಾವುದನ್ನು ಮೊದಲು ಹೇಳುವುದು? ಇದು ಸ್ಪಷ್ಟವಾಗಿ ಇತರೇತರಾಶ್ರಯವು. ಒಂದರ ದೇಹದಲ್ಲಿ ಇನ್ನೊಂದರ ದೇಹವೇ ಅಡಗಬೇಕೆಂದರೆ ಅನವಸ್ಥೆಯಾಗಿ ಗಾತ್ರವೇ ಮುಗಿಯದು. ಆದುದರಿಂದ ಅದು ನಿಷಿದ್ಧ. ಆದರೆ ಪಾಯಿಂಟರು ಬರಿಯ ವಿಳಾಸವಷ್ಟೆ. ಮನೆ ದೊಡ್ಡದಿರಲಿ ಚಿಕ್ಕದಿರಲಿ, ಲಕೋಟೆಯ ಮೇಲೆ ವಿಳಾಸಕ್ಕೆ ಬೇಕಾಗುವ ಸ್ಥಳವೊಂದೇ. ಆದಕಾರಣ ‘ಸ್ಟ್ರಕ್ಟ್ ಶಿಷ್ಯ’ ಎಂದು ಹೆಸರನ್ನು ಮಾತ್ರ ಮೊದಲು ಘೋಷಿಸಿ, ಅದರ ಪಾಯಿಂಟರನ್ನು ‘ಗುರು’ವಿನಲ್ಲಿ ಧಾರಾಳವಾಗಿ ಇಡಬಹುದು. ಅಂಗಗಳ ವಿವರಣೆ ಬರುವವರೆಗೆ ಗಾತ್ರವನ್ನು ಕೇಳುವುದಕ್ಕಾಗಲಿ, ಒಳಗಣ ಅಂಗವನ್ನು ಮುಟ್ಟುವುದಕ್ಕಾಗಲಿ ಅಧಿಕಾರವಿಲ್ಲ. ವಿವರಣೆಯನ್ನು ಬೇರೊಂದು ಕಡತದಲ್ಲಿ ಬಚ್ಚಿಟ್ಟು, ಉಪಯೋಗಿಸುವವರಿಗೆ ಹೆಸರನ್ನಷ್ಟೇ ಕೊಡುವ ಪದ್ಧತಿಯೂ ಇದರಿಂದಲೇ ಬೆಳೆಯಿತು.

ಇದನ್ನು ಭಾಷೆಯ ಕುಂದೆನ್ನುವವರುಂಟು. ಕುಂದು ಹೆಸರಿನಲ್ಲಿದೆಯೆಂದು ನಮ್ಮ ಮತ. ೧೯೮೯ರ ಅಮೆರಿಕನ್ ಪ್ರಮಾಣಗ್ರಂಥವು ವಸ್ತುಜಾತಿ, ಕಾರ್ಯಜಾತಿಗಳ ಪಕ್ಕದಲ್ಲಿ ‘ಅಪೂರ್ಣಜಾತಿ’ಯೆಂಬ ಮೂರನೆಯ ವರ್ಗವನ್ನೇ ಕಲ್ಪಿಸಿತು. ಹೊಟ್ಟೆಯಲ್ಲಿರುವ ಕೂಸನ್ನು ಬೇರೊಂದು ಪ್ರಾಣಿಯೆಂದು ಎಣಿಸಿದಂತಾಯಿತು! ೨೦೧೧ರ ಅಂತರರಾಷ್ಟ್ರೀಯ ಪರಿಷ್ಕರಣದಲ್ಲಿ ಈ ವಿಭಾಗವು ಬಿದ್ದುಹೋಗಿ, ಅಪೂರ್ಣತೆಯು ಪಾಠದ ಒಂದು ಸ್ಥಾನದಲ್ಲಿ ವಸ್ತುಜಾತಿಗೆ ಇರುವ ಅವಸ್ಥೆಯೆಂದು ಎಣಿಸಲ್ಪಟ್ಟಿದೆ. ಇದು ಭಾಷ್ಯಕಾರರ ನಿಲುವಿಗೆ ಸಮೀಪವಾದುದು. ರಿಚಿಯವರು ಮಹಾಭಾಷ್ಯವನ್ನು ಓದಿದ್ದರೆಂದು ಕಲ್ಪಿಸುವುದು ಮಾತ್ರ ವಿದ್ವಾಂಸರಿಗೆ ಶೋಭಿಸದು; ಒಂದೇ ತೊಡಕು ಎರಡು ಕಡೆ ಒಂದೇ ಬಿಡುಗಡೆಯನ್ನು ಪಡೆದಿದೆ, ಅಷ್ಟೇ.

ಆದರೂ ‘ವಾಯ್ಡ್’ ಎಂಬುದೊಂದು ಇದಕ್ಕೆ ಒಳಪಡದೆ ಉಳಿಯುತ್ತದೆ. ಅದು ಅಪೂರ್ಣವೇ, ಆದರೆ ಎಂದೆಂದಿಗೂ ಪೂರ್ಣವಾಗಲಾರದು. ಯಾವ ನೇಕಾರನೂ ನೆಯ್ಯದ ಸೀರೆ. ಅದಕ್ಕೆ ಭಾವಿನೀಸಂಜ್ಞೆಯು ಸಲ್ಲುವುದಿಲ್ಲ.