ಇದ್ದಿಲು ನುಡಿದ ಸಾಕ್ಷಿ

ನಾವು ಸಾಹಿತ್ಯದವರು ಚರಿತ್ರೆಯನ್ನು ಅಕ್ಷರದಿಂದ ಆರಂಭಿಸುವವರು. ತರಗತಿಯಲ್ಲಿ ನಾಡಿನ ಪ್ರಾಚೀನತೆಯನ್ನು ಕುರಿತು ಹೇಳುವಾಗ ನಾನು ಮೊದಲು ಹೆಸರಿಸುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವನ್ನೇ. ಅದಕ್ಕೂ ಹಿಂದೆ ಇಲ್ಲಿ ಬಾಳಿದವರು ಏನನ್ನೂ ಬರೆದಿಡಲಿಲ್ಲ. ಅವರ ಕಾಲವನ್ನು ಹೇಳುವವರು ಯಾರು?

1947ರಲ್ಲಿ ಅದೇ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಕೆಳಗೆ ನಯಮಾಡಿದ ಕಲ್ಲುಗೊಡಲಿಗಳ ಜನ, ಅವರ ಮೇಲೆ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಸಮಾಧಿಗಳ ಜನ, ಅದರ ಮೇಲೆ ಸಾತವಾಹನರ ಕಾಲದ ಮಡಕೆಗಳು. ಈ ಅನುಕ್ರಮ ಇಂದಿಗೂ ಅಲ್ಲಾಡಿಲ್ಲ. ಅಲ್ಲಾಡಿದ್ದು ವರ್ಷಗಳ ಲೆಕ್ಕ. ಅರಿಕಮೇಡಿನ ಮಡಕೆಗಳ ಹೋಲಿಕೆಯಿಂದ ಮೇಲಿನ ಪದರಕ್ಕೊಂದು ಕಾಲ ಸಿಕ್ಕಿತ್ತು. ಅಲ್ಲಿಂದ ಕೆಳಗಿನದೆಲ್ಲ ಅಂದಾಜು. ಕಬ್ಬಿಣದವರು ಬಂದದ್ದು ಕ್ರಿ. ಪೂ. 200ರ ಸುಮಾರಿಗೆ, ಕಲ್ಲುಗೊಡಲಿ ಉಳಿದಿದ್ದುದು ಅಲ್ಲಿಯವರೆಗೆ ಎಂದರು ವೀಲರ್. ಇದರ ಅರ್ಥವನ್ನು ಗಮನಿಸಿ: ಚಪಡನೆಂಬ ಲಿಪಿಕಾರನು ಅಶೋಕನ ಧರ್ಮವನ್ನು ಬಂಡೆಗೆ ಏರಿಸುತ್ತಿದ್ದಾಗ, ನೋಡುತ್ತ ನಿಂತ ಊರವರ ಕೈಯಲ್ಲಿ ಇನ್ನೂ ಕಲ್ಲಿನ ಕೊಡಲಿ!

ಇದಾದ ಎರಡೇ ವರ್ಷಕ್ಕೆ, 1949ರಲ್ಲಿ, ಅಮೆರಿಕದ ಷಿಕಾಗೋದಿಂದ ರಸಾಯನ ವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ಬೇರೊಂದು ಗಡಿಯಾರವನ್ನು ಜಗತ್ತಿನ ಮುಂದಿಟ್ಟರು. ವಿಶ್ವಕಿರಣಗಳ ಹೊಡೆತದಿಂದ ವಾಯುಮಂಡಲದ ಸಾರಜನಕ ಅಷ್ಟಿಷ್ಟು ವಿಕಿರಣಶೀಲ ಇಂಗಾಲವಾಗುತ್ತದೆ. ಗಿಡಮರಗಳು ಅದನ್ನು ಗಾಳಿಯಿಂದ ಹೀರುತ್ತವೆ. ಮೇವಿನಿಂದ ದನಕ್ಕೆ, ಅನ್ನದಿಂದ ನಮಗೆ ಅದು ಬರುತ್ತದೆ. ಜೀವ ಹೋದೊಡನೆ ಆದಾಯ ನಿಂತು ವ್ಯಯವೊಂದೇ ಉಳಿಯುತ್ತದೆ. ಸುಮಾರು 5730 ವರ್ಷಕ್ಕೆ ಇದ್ದುದರಲ್ಲಿ ಅರ್ಧ ಕರಗುತ್ತದೆ. ಉಳಿಕೆಯನ್ನು ಅಳೆದರೆ ಸತ್ತ ಕಾಲ ತಿಳಿಯಿತು. ಕಾಲ ಗೊತ್ತಿದ್ದ ಈಜಿಪ್ಟಿನ ಮರದ ತುಂಡುಗಳ ಮೇಲೆ ಲಿಬ್ಬಿ ಮೊದಲು ಇದನ್ನು ಒರೆಹಚ್ಚಿ ನೋಡಿದರು. 1960ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಈ ಗಡಿಯಾರ ದಖ್ಖನ್ನಿಗೆ ಬಂದಾಗ ವೀಲರರ ಲೆಕ್ಕ ನಿಲ್ಲಲಿಲ್ಲ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಆಲ್ಚಿನ್ ಅವರು 1957ರಲ್ಲಿ ಅಗೆಸಿದರು. ದನದ ಹಟ್ಟಿಗಳಲ್ಲಿ ರಾಶಿಬಿದ್ದ ಸಗಣಿ ಮತ್ತೆ ಮತ್ತೆ ಉರಿದು ಆದ ದಿಬ್ಬ ಅದು. ಅಲ್ಲಿಯ ಇದ್ದಿಲು ತನಗೆ ನಾಲ್ಕು ಸಾವಿರ ವರ್ಷ ದಾಟಿದೆಯೆಂದಿತು. 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರನ್ನು ಎಂ. ಎಸ್. ನಾಗರಾಜರಾಯರು ಅಗೆಸಿದರು. ಮೊದಲ ಕಬ್ಬಿಣ ಕಂಡ ಪದರದ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಹೋಯಿತು. ಬಂದ ಉತ್ತರ: ಕ್ರಿ. ಪೂ. 1000ರ ಆಸುಪಾಸು. ಮರದ ವರ್ಷಬಳೆಗಳಿಗೆ ಹೋಲಿಸಿ ತಿದ್ದಿದರೆ ಇನ್ನೂ ಒಂದೆರಡು ಶತಮಾನ ಹಿಂದಕ್ಕೆ. ಚಪಡನ ಉಳಿ ಇಲ್ಲಿ ಯಾರಿಗೂ ಸೋಜಿಗವಾಗಿರಲಾರದು.

ಆದರೆ ಇದ್ದಿಲು ಹೇಳುವುದು ತನ್ನ ವಯಸ್ಸನ್ನು, ಪಕ್ಕದಲ್ಲಿ ಬಿದ್ದ ಬಾಣದ ಮೊನೆಯದನ್ನಲ್ಲ. ಹಳೆಯ ಮರದ ತಿರುಳು ಸುಟ್ಟಿದ್ದರೆ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಹೆಗ್ಗಣ ಮಣ್ಣು ಕೆದಕಿದ್ದರೆ ಪದರವೇ ಕಲಸಿಹೋಗುತ್ತದೆ. 1977ರಿಂದ ಬೆಳೆದು ಬಂದ ವೇಗವರ್ಧಕ ವಿಧಾನಕ್ಕೆ ಮಿಲಿಗ್ರಾಮಿನಷ್ಟು ಇಂಗಾಲ ಸಾಕು. ಒಂದು ವರ್ಷದ ಬೆಳೆಯಾದ ಕಾಳನ್ನೇ ಅಳೆಯಬಹುದು. ಹಾಗಾಗಿ ಬಳ್ಳಾರಿಯ ಸಂಗನಕಲ್ಲಿನಂಥ ಕಡೆ ಈಗ ಸಂಶೋಧಕರು ಬುಟ್ಟಿಗಟ್ಟಲೆ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬರುವ ಕರಿಕಾಳುಗಳನ್ನು ಹೆಕ್ಕುತ್ತಾರೆ. ಹೆಚ್ಚಾಗಿ ಸಿಗುವುದು ಹುರುಳಿ, ಹೆಸರು.