ಯಾರ್ಕ್‌ನ ಯಹೂದಿಗಳು: ರಕ್ಷಣೆ ಮತ್ತು ಸಾಲಪತ್ರ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರಾನ್ಸ್‌ನ ರೂಆನ್ ಪಟ್ಟಣದಿಂದ ಯಹೂದಿ ಕುಟುಂಬಗಳು ಲಂಡನ್ನಿಗೆ ಬಂದವು. ಉತ್ತರದ ಯಾರ್ಕ್‌ನಲ್ಲಿ ಅವರು ನೆಲೆಯೂರಿದ್ದು ಸುಮಾರು ನೂರು ವರ್ಷಗಳ ನಂತರ. ಕ್ರೈಸ್ತರು ಬಡ್ಡಿ ವ್ಯವಹಾರ ಮಾಡುವುದನ್ನು ಚರ್ಚು ನಿಷೇಧಿಸಿತ್ತು. ಹಾಗಾಗಿ ಸಾಲ ಕೊಡುವುದು ಯಹೂದಿಗಳ ಮುಖ್ಯ ವೃತ್ತಿಯಾಯಿತು. ಅರಸ ಅವರಿಗೆ ರಕ್ಷಣೆ ಕೊಟ್ಟ, ಬದಲಿಗೆ ಮನಬಂದಂತೆ ತೆರಿಗೆ ಎತ್ತಿದ. ಸಾಲಗಾರ ಜಮೀನ್ದಾರರಿಗೆ ಬಡ್ಡಿ ಕೇಳುವ ಯಹೂದಿ ಕಂಡನೇ ಹೊರತು ಆ ಹಣ ಹೋಗಿ ಸೇರುತ್ತಿದ್ದ ಬೊಕ್ಕಸ ಕಾಣಲಿಲ್ಲ.

ಸಮುದಾಯದ ಮುಖಂಡರಾದ ಜೋಸ್ ಮತ್ತು ಬೆನೆಡಿಕ್ಟ್ 1189ರ ಸೆಪ್ಟೆಂಬರಿನಲ್ಲಿ ಒಂದನೇ ರಿಚರ್ಡ್‌ನ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೋದರು. ಅಲ್ಲಿ ಎದ್ದ ಗಲಭೆಯಲ್ಲಿ ಬೆನೆಡಿಕ್ಟ್‌ನಿಗೆ ಬಲವಂತದ ದೀಕ್ಷಾಸ್ನಾನವಾಯಿತು. ಮರುದಿನ ಅರಸನ ಎದುರೇ ಆತ ತಾನು ಯಹೂದಿ ಎಂದು ಹೇಳಿದ. ಊರಿಗೆ ಮರಳುವ ಹಾದಿಯಲ್ಲಿ ಗಾಯಗಳಿಂದ ತೀರಿಕೊಂಡ.

ಮರುವರ್ಷದ ಮಾರ್ಚ್‌ನಲ್ಲಿ ದೊಂಬಿ ಯಾರ್ಕ್‌ಗೂ ಬಂತು. ಮುಂದಾಳುಗಳಲ್ಲಿ ಯಹೂದಿಗಳ ಸಾಲಗಾರ ರಿಚರ್ಡ್ ಮಾಲೆಬೀಸ್ ಇದ್ದ. ಬೆನೆಡಿಕ್ಟ್‌ನ ಮನೆ ಲೂಟಿಯಾಗಿ ಅವನ ವಿಧವೆ ಕೊಲೆಯಾದಳು. ಜೋಸ್ ಉಳಿದವರನ್ನು ಅರಸನ ಕೋಟೆಯ ಮರದ ಗೋಪುರಕ್ಕೆ ಕರೆದೊಯ್ದ. ಹೊರಹೋಗಿದ್ದ ಕೋಟೆಯ ಅಧಿಕಾರಿಯನ್ನು ನಂಬಲಾರದೆ ಅವರು ಒಳಗೆ ಬಿಡಲಿಲ್ಲ. ಆಗ ಅರಸನ ಪ್ರಾಂತ್ಯಾಧಿಕಾರಿಯಾದ ಶೆರಿಫ್‌ನ ಸೈನಿಕರೂ ಮುತ್ತಿಗೆಗೆ ಸೇರಿದರು. ಕಾಯಬೇಕಾದ ಕೈಯೇ ತಿರುಗಿಬಿದ್ದಿತ್ತು. ಮಾರ್ಚ್ 16ರ ರಾತ್ರಿ, ಫ್ರಾನ್ಸ್‌ನಿಂದ ಬಂದಿದ್ದ ರಬ್ಬಿ ಯೋಮ್ ತೋವ್‌ನ ಮಾತಿನಂತೆ ಹಲವರು ಮತಾಂತರಕ್ಕಿಂತ ಸಾವೇ ಲೇಸೆಂದುಕೊಂಡರು. ಗಂಡಸರು ಹೆಂಡತಿ ಮಕ್ಕಳನ್ನು ಕೊಂದು ತಾವೂ ಸತ್ತರು. ಗೋಪುರಕ್ಕೆ ಬೆಂಕಿ ಬಿತ್ತು. ದೀಕ್ಷೆ ಪಡೆದರೆ ಜೀವದಾನ ಎಂಬ ಮಾತು ನಂಬಿ ಬೆಳಿಗ್ಗೆ ಹೊರಬಂದವರನ್ನೂ ಗುಂಪು ಕೊಚ್ಚಿಹಾಕಿತು. ಸತ್ತವರು ಸುಮಾರು 150.

ಕೊಂದವರು ಅಲ್ಲಿಂದ ನೇರ ಹೋದದ್ದು ಪ್ರಧಾನ ಚರ್ಚಾದ ಮಿನ್‌ಸ್ಟರ್‌ಗೆ. ಅಲ್ಲಿ ಜೋಪಾನವಾಗಿಟ್ಟಿದ್ದ ಸಾಲಪತ್ರಗಳನ್ನು ಚರ್ಚಿನೊಳಗೇ ರಾಶಿ ಹಾಕಿ ಸುಟ್ಟರು. ಧರ್ಮಾವೇಶದ ಕೆಳಗೆ ಏನಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸರ್ಕಾರ ಶೆರಿಫ್‌ನನ್ನು ತೆಗೆದು ನಾಗರಿಕರಿಗೆ ದಂಡ ಹಾಕಿತು. 1194ರಲ್ಲಿ ಬಂದ ಹೊಸ ಕಟ್ಟಳೆಯ ಕಾಳಜಿಯೂ ಪತ್ರಗಳ ಮೇಲೆಯೇ: ಪ್ರತಿ ಸಾಲಪತ್ರಕ್ಕೂ ಎರಡು ಪ್ರತಿ, ಒಂದು ಯಹೂದಿಯ ಕೈಯಲ್ಲಿ, ಇನ್ನೊಂದು ಮೂರು ಬೀಗಗಳ ಸಾರ್ವಜನಿಕ ಪೆಟ್ಟಿಗೆಯಲ್ಲಿ.

ಯಹೂದಿಗಳು ಯಾರ್ಕ್‌ಗೆ ಮತ್ತೆ ಬಂದು ಏಳಿಗೆ ಕಂಡರು. ಆರನ್ ಎಂಬಾತ ದೇಶದ ಅತಿ ಸಿರಿವಂತ ಯಹೂದಿಗಳಲ್ಲೊಬ್ಬನಾದ. ಮೂರನೇ ಹೆನ್ರಿಯ ತೆರಿಗೆಗಳೇ ಅವನನ್ನು ಬರಿಗೈ ಮಾಡಿದವು. 1275ರ ಶಾಸನ ಬಡ್ಡಿ ವ್ಯವಹಾರವನ್ನೇ ನಿಷೇಧಿಸಿತು. 1290ರಲ್ಲಿ ಒಂದನೇ ಎಡ್ವರ್ಡ್ ಯಹೂದಿಗಳನ್ನೆಲ್ಲ ಇಂಗ್ಲೆಂಡಿನಿಂದ ಹೊರಹಾಕಿದಾಗ ಅವರ ಮನೆಗಳೂ ವಸೂಲಾಗದ ಸಾಲಗಳೂ ಅರಸನ ಪಾಲಾದವು.